ಸಹಾಯ ಬೇಕು: ನಮ್ಮ ಕಡೆ ಹುಡುಗರ ಹೊಸ ಮಾತು

ಬೆಳಗಾವಿ, ಬಾಗಲಕೋಟಿ, ವಿಜಯಪುರದ ಕಾಲೇಜು, ಬಸ್‌ಸ್ಟ್ಯಾಂಡ್, ಚಾದಂಗಡಿ ಮುಂದ ಹುಟ್ಟಿದ ಪಡ್ಡೆ ಮಾತು ಕೂಡಸಾಕತ್ತೀವಿ, ಕಳಸ್ರಿ. ಒಂದು ಕಮೆಂಟಿಗೆ ಒಂದಽ ಶಬ್ದ. ಆಡಿದಂಗ ಬರೀರಿ, ತಿದ್ದಿ ಗ್ರಾಂಥಿಕ ಮಾಡಿದ್ರ ಕೆಲಸಕ್ಕ ಬರೂದಿಲ್ಲ.

ಅರ್ಥದ ಜೋಡಿ ಪೂರ್ತಿ ವಾಕ್ಯ ಬೇಕಽ ಬೇಕು. ‘ಬಂಡಲ್’ ಅಂದ್ರ ಸುಳ್ಳು ಅಂತ ಬರದ್ರ ಸಾಲದು. ಸುಳ್ಳು ಹೇಳ್ತಾರ, ಬಂಡಲ್ ಬಿಡ್ತಾರ. ಈ ಫರಕ ವಾಕ್ಯದಾಗಷ್ಟ ತಿಳೀತೈತಿ. ಊರು, ಆಡುವವರ ವಯಸ್ಸು, ಬೈಗುಳೋ ಚಾಷ್ಟಿನೋ ಅನ್ನೂದನ್ನೂ ಹಾಕ್ರಿ.

ಭಾಳ ಮಂದಿ ತಪ್ಪೂದು ಇಲ್ಲೆ: ‘ಲಗೂನ’, ‘ಖರೇ’ ಹೊಸವಲ್ಲ, ಅಜ್ಜಾರೂ ಆಡ್ತಾರ. ಮರಾಠಿ, ಉರ್ದು ಶಬ್ದ ಇದ್ದಂಗಽ ಬಂದಿದ್ರ ಬ್ಯಾಡ್ರಿ. ಹಳೇ ಶಬ್ದ ಆದ್ರ, ‘ಕಾಗಿ ಹಾರಸೂದು’ (ಸುಳ್ಳು ಹೇಳೂದು) ಇದ್ದಂಗ ಅದಕ್ಕ ಬ್ಯಾರೆ ಅರ್ಥ ಹತ್ತಿದ್ರ ಮಾತ್ರ ಬೇಕು. ಜಾತಿ ಹಿಡದು ಹೀಯಾಳಿಸೂವು ತಗೋಳೂದಿಲ್ಲ.