ನೊರೆಹುಳ, ಕೊಂಬಿನ ಹುಳ: ಕೀಟತಜ್ಞೆಗೆ ಪ್ರಶ್ನೆಗಳು

ಹೆಬ್ರಿ ಸದಸ್ಯ: ಮೇಡಂ, ಕಾಡಂಚಿನ ಕೇಪುಳ ಗಿಡದಲ್ಲಿ ಯಾರೋ ಉಗುಳಿದ ಹಾಗೆ ನೊರೆ ಉಂಟು. ಪಕ್ಕದ ಬಾಗೆ ಮರದ ಎಳೆ ರೆಂಬೆಯಲ್ಲಿ ಕೊಂಬಿರುವ ಕಂದು ಹುಳ, ಸುತ್ತ ಇರುವೆ. ಎರಡೂ ಒಂದೇ ಜಾತಿಯಾ?

ಕೀಟತಜ್ಞೆ: ಸಂಬಂಧಿಗಳು ಹೌದು, ಬದುಕು ಬೇರೆ. ಎರಡಕ್ಕೂ ಸೂಜಿಯಂಥ ಬಾಯಿ. ನೊರೆಹುಳದ ಮರಿ ಚುಚ್ಚುವುದು ಬೇರಿನಿಂದ ನೀರು ಏರುವ ನಾಳಕ್ಕೆ. ಅದರಲ್ಲಿ ಸತ್ವ ತೀರಾ ಕಡಿಮೆ, ಹಾಗಾಗಿ ಹೊಟ್ಟೆ ತುಂಬಬೇಕಾದರೆ ಇಡೀ ದಿನ ಹೀರಬೇಕು. ಅದೂ ಗಿಡದ ಎಳೆತಕ್ಕೆ ಎದುರಾಗಿ. ಮುಖ ಉಬ್ಬಿರುವುದು ಅದಕ್ಕೇ, ಒಳಗಿರುವುದು ಹೀರುವ ಸ್ನಾಯು. ಹಿಂದಿನಿಂದ ಹೊರಬರುವ ನೀರಿಗೆ ಅಂಟು ಸೇರಿಸಿ ಗಾಳಿ ತುಂಬುತ್ತದೆ, ಅದೇ ನೊರೆ. ಅದರೊಳಗೆ ಮೆತ್ತನೆ ಮೈ ಒಣಗುವುದಿಲ್ಲ, ಶತ್ರುಗಳಿಗೂ ಸುಲಭಕ್ಕೆ ಸಿಗುವುದಿಲ್ಲ. ರೆಕ್ಕೆ ಬಲಿತ ಮೇಲೆ ನೊರೆ ಬಿಟ್ಟು ಜಿಗಿದು ಹೋಗುತ್ತದೆ.

ಕೊಂಬಿನ ಹುಳ ಚುಚ್ಚುವುದು ಎಲೆಯ ಸಕ್ಕರೆ ಸಾಗುವ ನಾಳಕ್ಕೆ. ಅಲ್ಲಿ ರಸ ಒತ್ತಡದಿಂದ ತಾನೇ ನುಗ್ಗುತ್ತದೆ. ಮಿಕ್ಕಿದ ಸಕ್ಕರೆ ಸಿಹಿಹನಿಯಾಗಿ ಹೊರಬೀಳುತ್ತದೆ. ಇರುವೆ ಬರುವುದು ಅದಕ್ಕೆ, ಕಾವಲೂ ಕಾಯುತ್ತದೆ. ಆ ಕೊಂಬು ತಲೆಯದ್ದಲ್ಲ, ಎದೆಯ ಮೊದಲ ಖಂಡದ ಕವಚ. ಎಳೆ ರೆಂಬೆ ಸೀಳಿ ಮೊಟ್ಟೆಯಿಡುತ್ತದೆ, ಸೀಳು ಹೆಚ್ಚಾದರೆ ತುದಿ ಒಣಗುತ್ತದೆ.

ಮಣಿಪಾಲ ಸದಸ್ಯೆ: ನೊರೆ ಮುಟ್ಟಿದರೆ ತುರಿಸ್ತದಾ?

ಕೀಟತಜ್ಞೆ: ಇಲ್ಲ.

ಬ್ರಹ್ಮಾವರ ಸದಸ್ಯ: ಫಾರ್ವರ್ಡ್ ಬಂದದ್ದು: ಸೀಮೆಎಣ್ಣೆ, ಉಪ್ಪು, ಸೋಪು ಬೆರೆಸಿ ಹೊಡೆದರೆ ಎರಡೂ ಮಾಯ.

ಕೀಟತಜ್ಞೆ: ದಯವಿಟ್ಟು ಅಳಿಸಿ. ಸೀಮೆಎಣ್ಣೆ ಎಲೆ ಸುಡುತ್ತದೆ, ಉಪ್ಪು ಬುಡದ ಮಣ್ಣಿಗಿಳಿದು ಬೇರು ಕೆಡಿಸುತ್ತದೆ. ಕಾಡಿನ ಗಿಡಕ್ಕೆ ಏನೂ ಬೇಡ. ಮನೆಯ ಗಿಡವಾದರೆ ಪೈಪಿನ ನೀರು ಜೋರಾಗಿ ಬಿಟ್ಟು ನೊರೆ ತೊಳೆಯಿರಿ, ಸೀಳು ಬಿದ್ದ ರೆಂಬೆ ಕತ್ತರಿಸಿ.

ಕಾರ್ಕಳ ಸದಸ್ಯ: ನಮ್ಮ ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಮುಷ್ಟಿಗಾತ್ರದ ನೊರೆ. ಸೀಮೆಎಣ್ಣೆ ತಂದಿಟ್ಟಿದ್ದೇನೆ.

ಕೀಟತಜ್ಞೆ: ಹೊಡೆಯಲೇಬೇಡಿ! ಅದು ಹುಳದ್ದಲ್ಲ, ಮರಗಪ್ಪೆಯ ಮೊಟ್ಟೆಗೂಡು. ಹುಳದ ನೊರೆ ಕಡಲೆಕಾಳಿನಿಂದ ಹೆಚ್ಚೆಂದರೆ ನೆಲ್ಲಿಕಾಯಿಯಷ್ಟು, ರಸವಿರುವ ಕಾಂಡಕ್ಕೆ ಅಂಟಿರುತ್ತದೆ. ಕಪ್ಪೆಯದ್ದು ನೀರಿನ ಮೇಲೆಯೇ ಇರುತ್ತದೆ, ಮರಿಗಳು ನೇರ ಕೆರೆಗೆ ಬೀಳಬೇಕಲ್ಲ. ಹೊರಮೈ ಒಣಗಿ ಗಟ್ಟಿಯಾದರೂ ಒಳಗೆ ಜೀವ ಉಂಟು. ಸೀಮೆಎಣ್ಣೆ ಕೆರೆಗೆ ಬಿದ್ದರೆ ನೀರೂ ಹಾಳು. ಕೊಂಬೆ ಅಲ್ಲಾಡಿಸಲೂ ಬೇಡಿ.

ಬ್ರಹ್ಮಾವರ ಸದಸ್ಯ: ನಮ್ಮಲ್ಲಿ ಅದನ್ನು ಹಾವಿನ ಉಗುಳು ಅಂತಾರೆ.

ಹೆಬ್ರಿ ಸದಸ್ಯ: ಹಾವು ನೊರೆ ಉಗುಳ್ತದಾ ಮಾರಾಯ್ರೆ? ಮೇಡಂ ಇಷ್ಟು ಬರೆದದ್ದು ಓದಲಿಲ್ವಾ?

ಬ್ರಹ್ಮಾವರ ಸದಸ್ಯ: ನಿಮ್ಮನ್ನು ಕೇಳಲಿಲ್ಲ. ಹಿರಿಯರು ಸುಳ್ಳು ಹೇಳ್ತಾರಾ?

ಹೆಬ್ರಿ ಸದಸ್ಯ: ಹಿರಿಯರು ಸೀಮೆಎಣ್ಣೆ ಹೊಡೀರಿ ಅಂತ ಹೇಳಲಿಲ್ಲ. ಅದು ನಿಮ್ಮ ಫಾರ್ವರ್ಡ್.

ಕುಂದಾಪುರ ಸದಸ್ಯೆ: ನೊರೆಗೆ ಎಂತ ಸ್ಪ್ರೇ ಮೇಡಂ?

ಕೀಟತಜ್ಞೆ: ಮೇಲೆ ಓದಿ.

ಮಣಿಪಾಲ ಸದಸ್ಯೆ: ಇರುವೆ ಓಡಿಸಿದರೆ ಕೊಂಬಿನ ಹುಳವೂ ಹೋಗ್ತದಾ?

ಬ್ರಹ್ಮಾವರ ಸದಸ್ಯ: ಅಡ್ಮಿನ್ ಯಾರು ಇಲ್ಲಿ? ಅವರು ಮಾತು ವಾಪಸ್ ತಗೊಳ್ಳಲಿ.

ಕಾರ್ಕಳ ಸದಸ್ಯ: ಮೇಡಂ, ಹೊಡೆಯಲಿಲ್ಲ. ಕ್ಯಾನ್ ಒಳಗಿಟ್ಟೆ.