ಲಕ್ಕುಂಡಿ ಹತ್ತಿರ ಹೊಲ ಇದೆ, ಮೆಟಲ್ ಡಿಟೆಕ್ಟರ್ ಹಿಡಿದರೆ ಏನಾದರೂ ಸಿಗುತ್ತಾ?

ಪ್ರಶ್ನೆ (ಗದಗ): ಸರ್, ನೀವು ಹುಬ್ಬಳ್ಳಿಯಲ್ಲಿ ಡಿಟೆಕ್ಟರ್ ರಿಪೇರಿ ಮಾಡುತ್ತೀರಿ ಅಂತ ಗೊತ್ತಾಯಿತು. ನಮ್ಮ ಹೊಲ ಲಕ್ಕುಂಡಿ ಊರಿಗೆ ಹತ್ತಿಕೊಂಡೇ ಇದೆ. ಇಂಗ್ಲೆಂಡಿನವರು ಹೊಲದಲ್ಲಿ ಹಳೇ ನಾಣ್ಯ ತೆಗೆಯುವ ವಿಡಿಯೋ ನೋಡಿ ನೋಡಿ ಹುಚ್ಚು ಹತ್ತಿದೆ. ಗೇಟಿನಲ್ಲಿ ಸೆಕ್ಯುರಿಟಿಯವರು ಮೈ ಮೇಲೆ ಆಡಿಸುತ್ತಾರಲ್ಲ, ಆ ಕೈ ಡಿಟೆಕ್ಟರ್ ನನ್ನ ಹತ್ತಿರ ಇದೆ. ನಡೆಯುತ್ತಾ? ಹೊಲ ನನ್ನದು, ಸಿಕ್ಕಿದ್ದೂ ನನ್ನದೇ ಅಲ್ವಾ?

ಉತ್ತರ: ಎರಡಕ್ಕೂ ಇಲ್ಲ ರೀ. ಆ ಕೈ ಡಿಟೆಕ್ಟರ್ ಅಂಗಿಯೊಳಗಿನ ಚಾಕು ಹುಡುಕಲಿಕ್ಕೆ ಮಾಡಿದ್ದು, ಕೆಲವೇ ಸೆಂಟಿಮೀಟರ್ ದಾಟಿದರೆ ಅದಕ್ಕೆ ಏನೂ ಕೇಳಿಸುವುದಿಲ್ಲ. ನೆಲಕ್ಕೆ ಅಂತ ಮಾಡಿದ ಮಷೀನಿಗೆ ಉದ್ದ ಕೋಲು, ತುದಿಗೆ ತಟ್ಟೆಯಂಥ ಕಾಯಿಲ್ ಇರುತ್ತದೆ. ಅದೂ ಒಂದು ನಾಣ್ಯವನ್ನು ಸುಮಾರು 15–25 ಸೆಂಟಿಮೀಟರ್ ಆಳದವರೆಗೆ ಹಿಡಿದರೆ ದೊಡ್ಡದು.

ಕಾಯಿಲ್ ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತದೆ, ಲೋಹದಲ್ಲಿ ಸಣ್ಣ ಕರೆಂಟ್ ಸುತ್ತುತ್ತದೆ, ಅದರ ಮರುಸಿಗ್ನಲ್ ನೋಡಿ ಮಷೀನು ಯಾವ ಲೋಹ ಇರಬಹುದು ಅಂತ ಒಂದು ನಂಬರ್ ತೋರಿಸುತ್ತದೆ. ಆ ನಂಬರ್ ಬರೀ ಅಂದಾಜು. ತೆಳ್ಳಗಿನ ಬಂಗಾರದುಂಗುರಕ್ಕೂ ಗುಳಿಗೆ ಪ್ಯಾಕಿನ ಹಾಳೆಗೂ ಎಷ್ಟೋ ಸಲ ಒಂದೇ ನಂಬರ್ ಬರುತ್ತದೆ. ನಮ್ಮ ಕಡೆ ಹೊಲದಲ್ಲಿ ಮೊದಲು ಸಿಗುವುದು ಎತ್ತಿನ ಲಾಳ, ಮೊಳೆ, ಸೋಡಾ ಮುಚ್ಚಳ, ತುಂಡು ತಂತಿ.

ಇನ್ನು ಕಾನೂನು. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆ ಇದೆ. ನೆಲದಲ್ಲಿ ಹೂತಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಸುಮ್ನೆ ಮನೆಗೆ ಒಯ್ಯುವ ಹಾಗಿಲ್ಲ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ 1972ರ ಪುರಾವಸ್ತು ಕಾಯ್ದೆಗೆ ಬರುತ್ತವೆ, ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಲಕ್ಕುಂಡಿಯಲ್ಲಿ ಗುಡಿ, ಬಾವಿ ಎಷ್ಟಿವೆ ನಿಮಗೇ ಗೊತ್ತು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವೇ ಸಾವಿರ ವರ್ಷದ್ದು, ಟಂಕಸಾಲೆ ಇದ್ದ ಊರು ಅದು. ಆಸೆ ಹುಟ್ಟುವುದು ಸಹಜ, ಆದರೆ ಆ ಊರಲ್ಲಿ ಗುದ್ದಲಿ ಎತ್ತುವ ಮೊದಲು ಧಾರವಾಡದ ಪುರಾತತ್ವ ಸರ್ವೇಕ್ಷಣೆ ಕಚೇರಿಯಲ್ಲಿ ಕೇಳಿ.

ವಿಡಿಯೋದಲ್ಲಿ ಹೇಳದ ಮಾತೂ ಒಂದಿದೆ. ಇಂಗ್ಲೆಂಡಿನಲ್ಲೂ 1996ರ ಕಾಯ್ದೆ ಪ್ರಕಾರ ನಿಧಿ ಸಿಕ್ಕರೆ 14 ದಿನದೊಳಗೆ ವರದಿ ಕೊಡಬೇಕು, ಹೊಲದ ಮಾಲೀಕನ ಒಪ್ಪಿಗೆ ಬೇಕು, ಸಂರಕ್ಷಿತ ಜಾಗದಲ್ಲಿ ಮಷೀನು ಆಡಿಸುವಂತಿಲ್ಲ.

ಪ್ರಶ್ನೆ (ರಾಣೆಬೆನ್ನೂರು): ಅಣ್ಣಾ, 30 ಮೀಟರ್ ಆಳದ ಬಂಗಾರ ತೋರಿಸುವ ಲೊಕೇಟರ್ ಅಂತ ಒಬ್ಬ ತಂದು ತೋರಿಸಿದ. ಕೈಯಲ್ಲಿ ಎರಡು ಆಂಟೆನಾ ಕಡ್ಡಿ, ತಾವೇ ತಿರುಗುತ್ತವೆ. ತಗೊಳ್ಳಲಾ?

ಉತ್ತರ: ಬೇಡ ತಮ್ಮಾ. ಕಡ್ಡಿ ತಿರುಗುವುದು ಮಣಿಕಟ್ಟಿನಿಂದ, ಬಂಗಾರದಿಂದ ಅಲ್ಲ. ಒಂದೇ ಥರದ ಹತ್ತು ಡಬ್ಬಿ ಇಟ್ಟು ಒಂದರಲ್ಲಿ ಮಾತ್ರ ಉಂಗುರ ಹಾಕು, ಯಾವುದರಲ್ಲಿದೆ ಅಂತ ಅವನಿಗೆ ಗೊತ್ತಾಗದ ಹಾಗೆ. ಹುಡುಕು ಅನ್ನು. ಇವತ್ತು ಗ್ರಹಗತಿ ಸರಿಯಿಲ್ಲ ಅಂತ ಎದ್ದು ಹೋಗುತ್ತಾನೆ ನೋಡು.

ಪ್ರಶ್ನೆ (ಮುಂಡರಗಿ): ನನ್ನದು ಬೇರೆ ವಿಷಯ ರೀ. ಶೇಂಗಾ ಕೀಳುವಾಗ ನಮ್ಮ ಅತ್ತೆಯವರ ಬೆಂಡೋಲೆ ಹೊಲದಲ್ಲಿ ಬಿದ್ದಿದೆ. ಎರೆ ಹೊಲ. ಸಿಗಬಹುದಾ?

ಉತ್ತರ: ಅಕ್ಕಾ, ಈ ಮಷೀನಿನ ನಿಜವಾದ ಕೆಲಸ ಇದೇ. ಹೊಸದಾಗಿ ಬಿದ್ದದ್ದು ಮೇಲ್ಮಣ್ಣಿನಲ್ಲೇ ಇರುತ್ತದೆ, ಅದಕ್ಕೆ ಮೊದಲ ಮಾತು: ಆ ಹೊಲಕ್ಕೆ ಈಗ ರಂಟೆ, ಟ್ರ್ಯಾಕ್ಟರ್ ಏನೂ ಇಳಿಸಬೇಡಿ. ಅವತ್ತು ಅವರು ಯಾವ ಸಾಲಿನಲ್ಲಿ ಕೂತಿದ್ದರು, ಬುತ್ತಿ ಎಲ್ಲಿ ಉಂಡರು, ಬಳ್ಳಿ ಎಲ್ಲಿ ಒಟ್ಟಿದರು ಅಂತ ಕೇಳಿ. ಕಿತ್ತ ಬಳ್ಳಿಯ ಬಣವೆಯಲ್ಲೇ ಸಿಕ್ಕಿಕೊಂಡಿರಬಹುದು, ಅದನ್ನೂ ಬಿಡಬೇಡಿ.

ಅಷ್ಟು ಜಾಗಕ್ಕೆ ಹಗ್ಗ ಕಟ್ಟಿ ಪಟ್ಟಿ ಪಟ್ಟಿಯಾಗಿ ಹುಡುಕಬೇಕು. ಮೊದಲು ಲೋಹ ಇಲ್ಲದ ಕಡೆ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಮಣ್ಣಿನ ಸಿಗ್ನಲ್ ಲೆಕ್ಕಕ್ಕೆ ಬಾರದಂತೆ ಹೊಂದಿಸಿ, ಇಲ್ಲದಿದ್ದರೆ ಮಣ್ಣಿಗೇ ಮಷೀನು ಕೂಗುತ್ತದೆ. ಇನ್ನೊಂದು ಕಿವಿಯ ಓಲೆ ಇದೆ ಅಲ್ವಾ? ಅದನ್ನು ನೆಲದ ಮೇಲಿಟ್ಟು ಯಾವ ನಂಬರ್ ಬರುತ್ತದೆ ನೋಡಿಕೊಳ್ಳಿ, ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಕಾಯಿಲ್ ನೆಲಕ್ಕೆ ಸಮವಾಗಿ, ಎರಡು ಬೆರಳು ಎತ್ತರದಲ್ಲಿ, ನಿಧಾನಕ್ಕೆ ಬೀಸಿ, ಒಂದು ಬೀಸು ಹಿಂದಿನದರ ಮೇಲೆ ಅರ್ಧ ಬರಲಿ. ಕಸ ಬೇಡ ಅಂತ ಡಿಸ್ಕ್ರಿಮಿನೇಷನ್ (ಕೆಲವು ಲೋಹಕ್ಕೆ ಮಷೀನು ಕೂಗದಂತೆ ಮಾಡುವ ಸೆಟಿಂಗ್) ಜಾಸ್ತಿ ಇಡಬೇಡಿ, ಓಲೆಯೂ ಕಸದ ಜೊತೆ ಹೋಗುತ್ತದೆ. ಮೊಬೈಲ್ ದೂರ ಇಡಿ, ಕೈಬಳೆ ತೆಗೆದಿಡಿ.

ಇಷ್ಟಕ್ಕೆ ಮಷೀನು ಕೊಳ್ಳಬೇಡಿ. ಇದ್ದವರನ್ನು ಒಂದು ದಿನಕ್ಕೆ ಕರೆಸಿ, ಹುಬ್ಬಳ್ಳಿಗೆ ಬರುವುದಿದ್ದರೆ ನನ್ನದನ್ನೇ ಒಯ್ಯಿರಿ. ಆ ಜೋಡಿ ಓಲೆ ಮರೆಯದೆ ತನ್ನಿ, ಸೆಟಿಂಗ್ ಇಲ್ಲೇ ಮಾಡಿಕೊಡುತ್ತೇನೆ.