ಪಿಎಚ್‌.ಡಿ. ಪ್ರವೇಶ: ಏಪ್ರಿಲ್ 15ಕ್ಕೂ ಮೊದಲೇ ಒಪ್ಪಿಗೆ ಕೊಡಬೇಕೇ?

ಪ್ರಶ್ನೆ: ಅಮೆರಿಕದ ಒಂದು ವಿಶ್ವವಿದ್ಯಾಲಯವು ನನಗೆ ಬೋಧನಾ ಸಹಾಯಕ ಹುದ್ದೆಯೊಂದಿಗೆ ರಸಾಯನಶಾಸ್ತ್ರದ ಪಿಎಚ್‌.ಡಿ. ಪ್ರವೇಶ ನೀಡಿದ್ದು, ಮಾರ್ಚ್ ಮೊದಲ ವಾರದೊಳಗೆ ಒಪ್ಪಿಗೆ ಕೇಳಿದೆ. ಇನ್ನೆರಡು ಕಡೆಯ ಉತ್ತರ ಬಾಕಿಯಿದೆ. ಕಾಯಬಹುದೇ?

ಉತ್ತರ 1: ಕಾಯಬಹುದು, ಆದರೆ ಒಂದು ವಿಷಯವನ್ನು ಮೊದಲು ಖಚಿತಪಡಿಸಿಕೊಳ್ಳಿ. ಸ್ನಾತಕೋತ್ತರ ಶಿಕ್ಷಣ ನೀಡುವ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಸಂಸ್ಥೆಯ ಏಪ್ರಿಲ್ 15ರ ನಿರ್ಣಯಕ್ಕೆ ಆ ವಿಶ್ವವಿದ್ಯಾಲಯ ಸಹಿ ಹಾಕಿದ್ದರೆ, ಆರ್ಥಿಕ ನೆರವಿನ ಆಹ್ವಾನಕ್ಕೆ ಆ ದಿನಾಂಕಕ್ಕಿಂತ ಮೊದಲೇ ಉತ್ತರಿಸುವ ಬಾಧ್ಯತೆ ನಿಮಗಿಲ್ಲ. ಸಹಿ ಹಾಕಿದವರ ಪಟ್ಟಿ ಆ ಸಂಸ್ಥೆಯ ಜಾಲತಾಣದಲ್ಲಿಯೇ ಸಿಗುತ್ತದೆ. ಹೆಸರಿದ್ದರೆ, ನಿರ್ಣಯವನ್ನು ಉಲ್ಲೇಖಿಸಿ ವಿಭಾಗದ ಪ್ರವೇಶ ಸಂಯೋಜಕರಿಗೆ ವಿನಯದಿಂದ ಪತ್ರ ಬರೆಯಿರಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಉತ್ತರ 2: ನೆರವಿಲ್ಲದ ಎಂ.ಎಸ್. ಪ್ರವೇಶಕ್ಕೆ ಈ ನಿರ್ಣಯ ಅನ್ವಯಿಸುವುದಿಲ್ಲ ಎಂಬುದನ್ನು ಉಳಿದವರೂ ಗಮನಿಸಬೇಕು.

ಉತ್ತರ 3: ನಿರ್ಧಾರವಾದ ಮೇಲೆ ಮಾತ್ರ ತಡಮಾಡಬೇಡಿ. ನೀವು ಒಪ್ಪಿಗೆ ಕೊಟ್ಟ ನಂತರವೇ ಐ-20 ಪತ್ರ (ವೀಸಾಕ್ಕಾಗಿ ವಿಶ್ವವಿದ್ಯಾಲಯ ನೀಡುವ ದಾಖಲೆ) ಸಿದ್ಧವಾಗುವುದು, ಅದು ಬಂದ ಮೇಲೆಯೇ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಮಾಹಿತಿ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕ 350 ಡಾಲರ್ ಕಟ್ಟಿ ಎಫ್-1 ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೋಗಬೇಕು. ಸಹಾಯಕ ಹುದ್ದೆಯ ಪತ್ರವನ್ನು ಜೋಪಾನವಾಗಿಡಿ, ಖರ್ಚು ಭರಿಸುವ ಸಾಮರ್ಥ್ಯಕ್ಕೆ ಅದೇ ಮುಖ್ಯ ಪುರಾವೆ.